ನೆನಪು ಗಟ್ಟಿಯಾಗಿತ್ತು, ಮನುಷ್ಯರೇ ಬದಲಾಗಿದ್ದರು

ಡಿಮೆನ್ಶಿಯಾ ಅಂದ ಕೂಡಲೇ ನಮ್ಮ ತಲೆಗೆ ಬರೋದು ಮರೆವು. ಕನ್ನಡಕ ಎಲ್ಲಿಟ್ಟೆ ಅಂತ ಹುಡುಕುವ ತಾತ, ಊಟ ಮಾಡಿದ್ದು ಮರೆತು ಮತ್ತೆ ತಟ್ಟೆ ಮುಂದೆ ಕೂರುವ ಅಜ್ಜಿ. ಆದರೆ ಅದೇ ಗುಂಪಿನಲ್ಲಿ ಇನ್ನೊಂದು ಕಾಯಿಲೆ ಇದೆ. ಅದರಲ್ಲಿ ಮೊದಲ ಕೆಲವು ವರ್ಷ ನೆನಪು ಹೆಚ್ಚುಕಮ್ಮಿ ಸರಿಯಾಗೇ ಇರುತ್ತೆ. ಮೊದಲು ಕೆಡೋದು ನಡತೆ, ಇಲ್ಲವೇ ಮಾತು. ಅದು ಹೆಚ್ಚಾಗಿ ಶುರುವಾಗೋದು 45ರಿಂದ 65ರ ನಡುವೆ. ಅಂದರೆ ಇದನ್ನು ಓದುತ್ತಿರುವ ನಿಮ್ಮಲ್ಲಿ ಹಲವರ ಅಪ್ಪ-ಅಮ್ಮಂದಿರ ವಯಸ್ಸಿನಲ್ಲಿ.

ಹೆಸರು ಫ್ರಂಟೋಟೆಂಪೊರಲ್ ಡಿಮೆನ್ಶಿಯಾ, ಚಿಕ್ಕದಾಗಿ ಎಫ್‌ಟಿಡಿ. ಹಾಲಿವುಡ್ ನಟ ಬ್ರೂಸ್ ವಿಲ್ಲಿಸ್ ಅವರಿಗೆ ಮಾತಿನ ತೊಂದರೆ ಇದೆ ಅಂತ ಅವರ ಮನೆಯವರು 2022ರಲ್ಲಿ ಹೇಳಿದ್ದರು. 2023ರ ಫೆಬ್ರವರಿಯಲ್ಲಿ ಅದು ಎಫ್‌ಟಿಡಿ ಅಂತ ತಿಳಿಸಿದರು. ಆಗ ಈ ಮೂರಕ್ಷರ ಎಲ್ಲರ ಫೋನಿನಲ್ಲೂ ಒಂದು ದಿನ ಓಡಾಡಿ ಮಾಯವಾಯಿತು. ನಮ್ಮ ಮನೆಯಲ್ಲಿ ಮಾತ್ರ ಅದು ಉಳಿದುಕೊಂಡಿತು, ಗುಂಡ್ಲುಪೇಟೆಯ ನನ್ನ ಸೋದರಮಾವನಿಂದಾಗಿ.

ಮಾವನದು ಗೊಬ್ಬರ, ಬಿತ್ತನೆಬೀಜದ ಅಂಗಡಿ. ಚೆಂಡುಹೂವಿನವರು, ಅರಿಶಿನದವರು, ಸೂರ್ಯಕಾಂತಿಯವರು ಎಲ್ಲಾ ಅವರ ಗಿರಾಕಿಗಳು. ಸಾಲದ ಪುಸ್ತಕ ಇತ್ತು, ಆದರೆ ಮಾವ ಅದನ್ನು ತೆಗೆಯುತ್ತಲೇ ಇರಲಿಲ್ಲ. ಯಾರದು ಎಷ್ಟು ಬಾಕಿ ಅಂತ ಬಾಯಲ್ಲೇ ಹೇಳುತ್ತಿದ್ದರು. ಗಡಿ ಊರಿನ ವ್ಯಾಪಾರಿ ನೋಡಿ, ಕೇರಳದವರ ಜೊತೆ ಮಲಯಾಳ, ತಮಿಳುನಾಡಿನವರ ಜೊತೆ ತಮಿಳು. ಮಳೆ ಕೈಕೊಟ್ಟ ವರ್ಷ ಬಾಕಿ ಕೇಳೋಕೆ ಹೋಗದಷ್ಟು ಮೆತ್ತಗಿನ ಮನುಷ್ಯ.

ಐವತ್ತೈದರ ಹೊತ್ತಿಗೆ ಇವರು ಬದಲಾದರು. ಒಂದು ಸಾವಿನ ಮನೆಯಲ್ಲಿ, ಹೆಣ ಎತ್ತುವ ಮುಂಚೆಯೇ, ತಿಂಡಿ ಏನು ಮಾಡಿಸಿದ್ದೀರಿ ಅಂತ ಜೋರಾಗಿ ಕೇಳಿದರು. ಪಕ್ಕದ ಬೇಕರಿಗೆ ಹೋಗಿ ದುಡ್ಡು ಕೊಡದೆ ಡಬ್ಬಿಯಿಂದ ಬಿಸ್ಕೆಟ್ ತೆಗೆದು ತಿನ್ನತೊಡಗಿದರು. ಸಿಹಿ ಅಂದರೆ ದೂರ ಇದ್ದವರು ಸಕ್ಕರೆ ಡಬ್ಬಿಗೇ ಚಮಚ ಹಾಕಿದರು. ದಿನಾ ಸಂಜೆ ಅದೇ ಹೊತ್ತಿಗೆ, ಅದೇ ದಾರಿಯಲ್ಲಿ, ಮಳೆ ಬರಲಿ ಬಿಡಲಿ, ಮೂರು ಸುತ್ತು. ಅತ್ತೆ ಜ್ವರದಲ್ಲಿ ಮಲಗಿದ್ದಾಗ ಮಂಚದ ಪಕ್ಕ ನಿಂತು, “ಕಾಫಿ ಎಲ್ಲಿ?” ಅಂದರು.

ಊರಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಕುಡಿಯೋಕೆ ಶುರು ಮಾಡ್ಕೊಂಡವ್ನೆ ಅಂತ ಕೆಲವರು, ಯಾರೋ ಏನೋ ಮಾಡ್ಸವ್ರೆ ಅಂತ ಇನ್ನು ಕೆಲವರು. ಮಲೆ ಮಹದೇಶ್ವರ ಬೆಟ್ಟಕ್ಕೆ ಹರಕೆಯೂ ಆಯಿತು. ಅತ್ತೆ ನನ್ನ ಹತ್ತಿರ ಫೋನಿನಲ್ಲಿ ಹೇಳಿದ್ದು ಇಷ್ಟೇ: “ಇವ್ರು ಮೊದ್ಲಿನಂಗಿಲ್ಲ ಕನಪ್ಪ. ಮನೇಲಿ ಬ್ಯಾರೆ ಯಾರೋ ಇದ್ದಂಗದೆ.”

ಚಾಮರಾಜನಗರದಲ್ಲಿ ನನ್ನ ಅಮ್ಮ, ಅಂದರೆ ಮಾವನ ಅಕ್ಕ, ಇದನ್ನು ಒಪ್ಪಲೇ ಇಲ್ಲ. “ನನ್ ತಮ್ಮಂಗೆ ಏನೂ ಆಗಿಲ್ಲ ಬುಡು. ಯಾರ್ಯಾರ್ದು ಎಷ್ಟ್ ಬಾಕಿ ಅಂತ ಈಗ್ಲೂ ಬಾಯಲ್ಲೇ ಹೇಳ್ತನೆ. ಅವ್ಳೇ ಸರಿಯಾಗಿ ನೋಡ್ಕತಿಲ್ಲ.” ಅಮ್ಮನ ಮಾತಿನಲ್ಲಿ ಅರ್ಧ ನಿಜ ಇತ್ತು. ಲೆಕ್ಕ ಒಂದು ರೂಪಾಯಿಯೂ ತಪ್ಪುತ್ತಿರಲಿಲ್ಲ. ಆದರೆ ಆ ಅರ್ಧ ನಿಜದಿಂದಲೇ ನಾದಿನಿ-ಅತ್ತಿಗೆಯರ ನಡುವೆ ಮಾತು ನಿಂತಿತು. ಅತ್ತೆ ನಂಜನಗೂಡಿನ ತವರಿಗೆ ಹೊರಡುವ ಮಾತಾಡಿದರು. ಅಷ್ಟರಲ್ಲಿ ಮಾವ ಯಾರದೋ ಮಾತಿಗೆ ತಲೆಯಾಡಿಸಿ, ರಸ್ತೆ ಪಕ್ಕದ ಒಂದು ಎಕರೆ ಜಮೀನನ್ನು ಸಿಕ್ಕಿದ ಬೆಲೆಗೆ ಕೊಡ್ತೀನಿ ಅಂತ ಒಪ್ಪಿಕೊಂಡಿದ್ದು ಗೊತ್ತಾಯಿತು. ಆಗ ಎಲ್ಲರೂ ಗಾಬರಿಯಾದರು.

ಮೂವತ್ತಕ್ಕೆ ಇಪ್ಪತ್ತೆಂಟು

ಮೊದಲು ತೋರಿಸಿದ ಕಡೆ ಬಿಪಿ, ಶುಗರ್ ನೋಡಿದರು. ಇವತ್ತು ಯಾವ ವಾರ, ಇದು ಯಾವ ಊರು, ನೂರರಿಂದ ಏಳೇಳು ಕಳೆಯಿರಿ ಅಂತ 30 ಅಂಕದ ಸಣ್ಣ ಪರೀಕ್ಷೆ ಮಾಡಿದರು. ಮಾವನಿಗೆ 28 ಬಂತು. “ನೆನಪು ಚೆನ್ನಾಗಿದೆ, ಡಿಮೆನ್ಶಿಯಾ ಅಲ್ಲ” ಅಂದರು. ಇನ್ನೊಂದು ಕಡೆ ಖಿನ್ನತೆ ಅಂತ ಆರು ತಿಂಗಳು ಮಾತ್ರೆ ಕೊಟ್ಟರು.

ಇದು ನಮ್ಮೊಬ್ಬರದೇ ಕತೆಯಲ್ಲ. ಆ 30 ಅಂಕದ ಪರೀಕ್ಷೆ ಮುಖ್ಯವಾಗಿ ನೋಡುವುದು ನೆನಪು, ಲೆಕ್ಕ, ದಿನ-ಜಾಗದ ಅರಿವು. ಎಫ್‌ಟಿಡಿ ಮೊದಲು ಕೈ ಹಾಕೋದು ಮಿದುಳಿನ ಮುಂಭಾಗ ಮತ್ತು ಕಿವಿಯ ಬದಿಯ ಭಾಗಕ್ಕೆ. ಎಲ್ಲಿ ಏನು ಮಾತಾಡಬೇಕು, ಯಾವಾಗ ಸುಮ್ಮನಿರಬೇಕು, ಎದುರಿಗಿರುವವರಿಗೆ ಏನನ್ನಿಸುತ್ತಿದೆ, ಸಾಕು ಅಂತ ಯಾವಾಗ ನಿಲ್ಲಿಸಬೇಕು, ಇದನ್ನೆಲ್ಲ ನೋಡಿಕೊಳ್ಳುವ ಜಾಗ ಅದು. ಅಂಥದ್ದಕ್ಕೆ ಆ ಪರೀಕ್ಷೆಯಲ್ಲಿ ಅಂಕವೇ ಇಲ್ಲ. ಹಾಗಾಗಿ ಶುರುವಿನಲ್ಲಿ ಒಳ್ಳೆ ಅಂಕ ಬರುವವರು ಬಹಳ. ಖಿನ್ನತೆ, ಬೈಪೋಲಾರ್, ಗೀಳು, ಕುಡಿತ ಅಂತೆಲ್ಲ ಹೆಸರು ಪಡೆದು ಎಷ್ಟೋ ವರ್ಷದ ನಂತರ ಸರಿಯಾದ ಹೆಸರಿಗೆ ಬರುವವರೂ ಬಹಳ.

ಕೊನೆಗೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದೆವು. ಗುಂಡ್ಲುಪೇಟೆಯಿಂದ 200 ಕಿಲೋಮೀಟರ್ ಆಸುಪಾಸು. ದಾರಿಯುದ್ದಕ್ಕೂ ಮಾವ ಪ್ರತಿ ಅಂಗಡಿಯ ಬೋರ್ಡು ಓದಿದರು.

ಸ್ಕ್ಯಾನ್‌ಗಿಂತ ಮುಂಚೆ ಅತ್ತೆಯ ಮಾತು

ಅಲ್ಲಿ ನನಗೆ ಆಶ್ಚರ್ಯ ಆಗಿದ್ದು, ಡಾಕ್ಟರು ಹೆಚ್ಚು ಹೊತ್ತು ಮಾತಾಡಿದ್ದು ಮಾವನ ಜೊತೆ ಅಲ್ಲ, ಅತ್ತೆ ಜೊತೆ. ಅದೂ ಬೇರೆಯಾಗಿ ಕೂರಿಸಿಕೊಂಡು. ಕಾರಣ ಸರಳ. ಈ ಕಾಯಿಲೆಯಲ್ಲಿ ತನಗೆ ಏನೋ ಆಗಿದೆ ಅನ್ನುವುದೇ ರೋಗಿಗೆ ಗೊತ್ತಾಗುವುದಿಲ್ಲ. ಮಾವನನ್ನು ಕೇಳಿದರೆ “ನಂಗೇನ್ ಆಗದೆ? ಚೆನ್ನಾಗಿವ್ನಿ” ಅನ್ನುತ್ತಿದ್ದರು. ಮುಂಚೆ ಹೇಗಿದ್ದರು, ಈಗ ಹೇಗಿದ್ದಾರೆ, ಯಾವಾಗಿಂದ, ಈ ನಾಲ್ಕು ಮಾತು ಹೇಳಬಲ್ಲವರು ಜೊತೆಗಿದ್ದವರು ಮಾತ್ರ. ಎರಡು ವರ್ಷ ಯಾರೂ ನಂಬದ ಅತ್ತೆಯ ಮಾತು ಅಲ್ಲಿ ಮೊದಲ ಸಾಕ್ಷಿಯಾಯಿತು.

ಆ ಪ್ರಶ್ನೆಗಳ ಹಿಂದೆ ಒಂದು ಪಟ್ಟಿ ಇದೆ. ನಡತೆ ಕೆಡುವ ಬಗೆಯ ಎಫ್‌ಟಿಡಿಗೆ ಹಲವು ದೇಶಗಳ ತಜ್ಞರು ಸೇರಿ 2011ರಲ್ಲಿ ಪ್ರಕಟಿಸಿದ ಮಾನದಂಡ. ಅದರಲ್ಲಿ ಆರು ಅಂಶ:

ಒಂದು, ಸಂಕೋಚ-ಮರ್ಯಾದೆಯ ಕಡಿವಾಣ ಬಿಡುವುದು. ಸಾವಿನ ಮನೆಯ ಮಾತು, ಬೇಕರಿಯ ಬಿಸ್ಕೆಟ್ ಇದೇ.

ಎರಡು, ಯಾವುದರಲ್ಲೂ ಆಸಕ್ತಿ ಇಲ್ಲದೆ ಕೂತುಬಿಡುವುದು. ಅಂಗಡಿ ಬೀಗ ತೆಗೆಯದೆ ಜಗುಲಿ ಮೇಲೆ ಕೂತಿರುತ್ತಿದ್ದ ದಿನಗಳು.

ಮೂರು, ಬೇರೆಯವರ ನೋವು ತಟ್ಟದಿರುವುದು.

ನಾಲ್ಕು, ಮಾಡಿದ್ದನ್ನೇ ಮಾಡುವುದು, ಆಡಿದ್ದನ್ನೇ ಆಡುವುದು. ಸಂಜೆಯ ಮೂರು ಸುತ್ತು.

ಐದು, ತಿನ್ನುವ ರೀತಿ ಬದಲಾಗುವುದು, ಅದರಲ್ಲೂ ಸಿಹಿಯ ಹುಚ್ಚು.

ಆರು, ಯೋಜನೆ ಹಾಕುವ, ಯೋಚಿಸಿ ತೀರ್ಮಾನಿಸುವ ಶಕ್ತಿ ಕುಗ್ಗಿದ್ದರೂ ನೆನಪು, ಜಾಗ-ದಿಕ್ಕಿನ ಅರಿವು ಅದಕ್ಕೆ ಹೋಲಿಸಿದರೆ ಚೆನ್ನಾಗಿರುವುದು.

ಆರನೆಯದನ್ನು ಇನ್ನೊಂದು ಸಲ ಓದಿ. ಅಮ್ಮ ಯಾವುದನ್ನು “ಏನೂ ಆಗಿಲ್ಲ” ಅನ್ನುವುದಕ್ಕೆ ಪುರಾವೆ ಮಾಡಿಕೊಂಡಿದ್ದಳೋ ಅದೇ, ಆ ಲೆಕ್ಕದ ನೆನಪೇ, ಈ ಪಟ್ಟಿಯಲ್ಲಿ ಕಾಯಿಲೆಯ ಗುರುತಿನ ಭಾಗ. ಅಮ್ಮನೂ ಸುಳ್ಳು ಹೇಳಿರಲಿಲ್ಲ, ಅತ್ತೆಯೂ ಹೇಳಿರಲಿಲ್ಲ. ಇಬ್ಬರೂ ನೋಡಿದ್ದು ಒಂದೇ ಕಾಯಿಲೆಯ ಎರಡು ಮಗ್ಗಲು.

ಆರರಲ್ಲಿ ಮೂರು ಇದ್ದರೆ “ಇರಬಹುದು” ಅನ್ನುವ ಹಂತ. ಆದರೆ ಯಾವುದೋ ಒಂದು ದಿನ ಆಗಿದ್ದು ಲೆಕ್ಕಕ್ಕಿಲ್ಲ. ಮತ್ತೆ ಮತ್ತೆ ಆಗುತ್ತಿರಬೇಕು, ಬರಬರುತ್ತಾ ಹೆಚ್ಚುತ್ತಿರಬೇಕು. ಮಾನಸಿಕ ಕಾಯಿಲೆಯಾಗಲಿ ಬೇರೆ ಕಾಯಿಲೆಯಾಗಲಿ ಅದಕ್ಕೆ ಕಾರಣ ಅಂತ ಹೇಳುವಂತಿರಬಾರದು. ಅದಕ್ಕೇ ಬಿ12, ಥೈರಾಯ್ಡ್, ಎಚ್‌ಐವಿ, ಸಿಫಿಲಿಸ್‌ನಂಥ ರಕ್ತಪರೀಕ್ಷೆಗಳು. ಇವುಗಳಿಂದಲೂ ನಡತೆ, ಬುದ್ಧಿ ಕೆಡಬಹುದು, ಮತ್ತು ಇವಕ್ಕೆ ಔಷಧಿ ಇದೆ.

ದಿನನಿತ್ಯದ ಕೆಲಸ ಮಾಡಿಕೊಳ್ಳೋಕೆ ಕಷ್ಟವಾಗಿದ್ದು, ಎಂಆರ್‌ಐ ಅಥವಾ ಪೆಟ್ ಸ್ಕ್ಯಾನ್‌ನಲ್ಲಿ ಮುಂಭಾಗ ಇಲ್ಲವೇ ಬದಿಯ ಮುಂತುದಿ ಕುಗ್ಗಿದ್ದೋ ಮಂಕಾಗಿದ್ದೋ ಕಂಡರೆ “ಬಹುಮಟ್ಟಿಗೆ ಹೌದು” ಅನ್ನುವ ಹಂತ. “ಖಂಡಿತ” ಅನ್ನಬೇಕಾದರೆ ಈ ಲಕ್ಷಣಗಳ ಜೊತೆಗೆ ಮಿದುಳಿನ ಅಂಗಾಂಶವನ್ನೇ ಸೂಕ್ಷ್ಮದರ್ಶಕದಲ್ಲಿ ನೋಡಿರಬೇಕು, ಇಲ್ಲವೇ ಕಾರಣವಾದ ವಂಶವಾಹಿ ದೋಷ ಸಿಕ್ಕಿರಬೇಕು. ಮಾವ ನಿಂತದ್ದು ಎರಡನೇ ಹಂತದಲ್ಲಿ. ಬದುಕಿರುವಾಗ ಬಹಳಷ್ಟು ಜನ ಅಲ್ಲೇ ನಿಲ್ಲುತ್ತಾರೆ.

ಪರೀಕ್ಷೆಗಳೂ ಬೇರೆ ಥರ ಇದ್ದವು. ಒಂದು ನಿಮಿಷದಲ್ಲಿ ಒಂದೇ ಅಕ್ಷರದಿಂದ ಶುರುವಾಗುವ ಪದಗಳನ್ನು ಹೇಳಬೇಕು. ಡಾಕ್ಟರು ಮೇಜನ್ನು ಒಂದು ಸಲ ಕುಟ್ಟಿದರೆ ಇವರು ಎರಡು ಸಲ ಕುಟ್ಟಬೇಕು, ಎರಡು ಸಲ ಕುಟ್ಟಿದರೆ ಸುಮ್ಮನಿರಬೇಕು. ಗಾದೆಗೆ ಅರ್ಥ ಹೇಳಬೇಕು. “ಹಿತ್ತಲ ಗಿಡ ಮದ್ದಲ್ಲ” ಅಂದರೇನು ಅಂತ ಕೇಳಿದರು. ಗಾದೆ ಇಲ್ಲದೆ ವ್ಯಾಪಾರವನ್ನೇ ಮಾಡದ ಮಾವ, “ಹಿತ್ಲಲ್ಲಿ ಗಿಡ ಇರ್ತವೆ, ಮದ್ದು ಮೆಡಿಕಲ್ ಸ್ಟೋರಲ್ಲಿ ಸಿಗ್ತದೆ” ಅಂದರು. ಅತ್ತೆ ತಲೆ ತಗ್ಗಿಸಿದರು. ನಿಧಾನಕ್ಕೆ ಅರ್ಥವಾಗತೊಡಗಿತ್ತು.

ಮಾತಿನ ಬಗೆಗಳು, ಮತ್ತು ಕನ್ನಡ

ಎಫ್‌ಟಿಡಿ ಎಲ್ಲರಲ್ಲೂ ಮಾವನ ಥರ ನಡತೆಯಿಂದ ಶುರುವಾಗುವುದಿಲ್ಲ. ಕೆಲವರಲ್ಲಿ ಮೊದಲು ಹೋಗುವುದು ಮಾತು. ಇದನ್ನು 2011ರಲ್ಲೇ ಮತ್ತೊಂದು ತಜ್ಞರ ತಂಡ ಮೂರಾಗಿ ವಿಂಗಡಿಸಿತು.

ಮೊದಲ ಬಗೆಯಲ್ಲಿ ಮಾತು ತಡವರಿಸುತ್ತೆ, ವಾಕ್ಯ ಮುರಿಯುತ್ತೆ. ಕನ್ನಡದಲ್ಲಿ ವಾಕ್ಯವನ್ನು ಹಿಡಿದಿಡೋದು ಪದದ ಕೊನೆಯ ಪ್ರತ್ಯಯಗಳು, ಹಾಗಾಗಿ ಇಲ್ಲಿ ಗಮನಿಸಬೇಕಾದ್ದೂ ಅಲ್ಲೇ. “ಅಂಗಡಿಗೆ ಹೋಗಿ ಬಂದೆ” ಅನ್ನಬೇಕಾದವರು “ಅಂಗಡಿ... ಹೋಗು... ಬಂದ” ಅಂತ ತಿಣುಕುತ್ತಾರೆ.

ಎರಡನೇ ಬಗೆಯಲ್ಲಿ ಮಾತು ಸರಾಗ, ಆದರೆ ಪದದ ಅರ್ಥವೇ ಹೋಗುತ್ತೆ. “ಸೌಟು ಕೊಡಿ” ಅಂದರೆ “ಸೌಟು ಅಂದ್ರೇನು?” ಅಂತ ಕೇಳುತ್ತಾರೆ. ಸೌಟನ್ನು ಕೈಗೆ ಕೊಟ್ಟರೂ ಅದು ಯಾತಕ್ಕೆ ಅಂತ ಹೊಳೆಯದಿರಬಹುದು.

ಮೂರನೇ ಬಗೆಯಲ್ಲಿ ಬೇಕಾದ ಪದ ನಾಲಿಗೆ ತುದಿಗೆ ಬಂದು ನಿಲ್ಲುತ್ತೆ, ಉದ್ದದ ವಾಕ್ಯವನ್ನು ತಿರುಗಿ ಹೇಳೋಕೆ ಆಗುವುದಿಲ್ಲ. ಇದರ ಬುಡದಲ್ಲಿ ಹೆಚ್ಚಾಗಿ ಇರುವುದು ಆಲ್ಝೈಮರ್ ಕಾಯಿಲೆ. ಅಂದರೆ ಹೊರಗಿನಿಂದ ಒಂದೇ ಥರ ಕಾಣುವ ಮಾತಿನ ತೊಂದರೆಗಳ ಒಳಗೆ ಬೇರೆ ಬೇರೆ ಕಾಯಿಲೆ ಇರಬಹುದು.

ಇಲ್ಲೊಂದು ಸ್ವಾರಸ್ಯ ಇದೆ. ಎರಡನೇ ಬಗೆಯನ್ನು ಗುರುತಿಸೋಕೆ ಆ ಪಟ್ಟಿಯಲ್ಲಿರುವ ಒಂದು ಲಕ್ಷಣ ಓದಿನ ತಪ್ಪು. ಇಂಗ್ಲಿಷಿನಲ್ಲಿ ಬರೆಯುವುದೊಂದು, ಉಚ್ಚಾರ ಇನ್ನೊಂದು ಇರುವ ಪದಗಳು ರಾಶಿ ಇವೆ. ಪದದ ಅರ್ಥ ಮರೆತವರು ಅವನ್ನು ಅಕ್ಷರ ಅಕ್ಷರ ಕೂಡಿಸಿ ತಪ್ಪಾಗಿ ಓದುತ್ತಾರೆ. ಕನ್ನಡದಲ್ಲಿ ಬರೆದ ಹಾಗೇ ಓದು. ಅರ್ಥ ಒಂದಿಷ್ಟೂ ಗೊತ್ತಿಲ್ಲದಿದ್ದರೂ ಓದು ಸರಿಯಾಗೇ ಬರುತ್ತೆ. ಹಾಗಾಗಿ “ಪೇಪರ್ ಫಟಾಫಟ್ ಓದ್ತಾರಲ್ಲ” ಅನ್ನುವುದು ನಮ್ಮ ಮನೆಗಳಲ್ಲಿ ಸಮಾಧಾನಪಡುವ ಮಾತಲ್ಲ. ಓದಿದ ಮೇಲೆ ಏನು ಅರ್ಥವಾಯಿತು ಅಂತ ಕೇಳಬೇಕು. ರೋಗಿಯ ಭಾಷೆಯಲ್ಲೇ, ಅವರ ಓದಿನ ಮಟ್ಟಕ್ಕೆ ತಕ್ಕಂತೆ ಪರೀಕ್ಷೆ ಇರಬೇಕು ಅನ್ನುವುದು ಇದಕ್ಕೇ. ಐಸಿಎಂಆರ್ ಸಿದ್ಧಪಡಿಸಿದ ಬುದ್ಧಿಶಕ್ತಿ ಪರೀಕ್ಷೆಗಳ ಗುಚ್ಛ ಕನ್ನಡದಲ್ಲೂ ಇದೆ.

ಭಾಷೆಯ ವಿಷಯ ಬಂತು, ಇನ್ನೊಂದು ಮಾತು. ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನ ನಿಮ್ಸ್‌ನಲ್ಲಿ ಡಿಮೆನ್ಶಿಯಾದ 648 ರೋಗಿಗಳನ್ನು ನೋಡಿ 2013ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ಲಕ್ಷಣಗಳು ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿದ್ದವು, ಓದುಬರಹ ಬಾರದವರಲ್ಲೂ. ಮುಂದೆ 2017ರಲ್ಲಿ ಎಫ್‌ಟಿಡಿಯನ್ನೇ ಬೇರೆ ತೆಗೆದು ನೋಡಿದಾಗ ಈ ತಡ ಕಂಡಿದ್ದು ನಡತೆಯ ಬಗೆಯಲ್ಲಿ ಮಾತ್ರ, ಮಾತಿನ ಬಗೆಯಲ್ಲಿ ಅಲ್ಲ. ಮಾವನ ಮಲಯಾಳ, ತಮಿಳು ಅವರಿಗೆ ಒಂದಷ್ಟು ವರ್ಷ ಕೊಟ್ಟಿತ್ತೋ ಏನೋ, ಒಬ್ಬ ಮನುಷ್ಯನ ವಿಷಯದಲ್ಲಿ ಹಾಗೆ ಹೇಳೋಕೆ ಬರುವುದಿಲ್ಲ. ಆದರೆ ಬಗೆಗಳನ್ನು ಬೇರೆ ಬೇರೆ ಇಡುವುದು ಬರೀ ಹೆಸರಿನ ಆಟವಲ್ಲ ಅನ್ನುವುದಂತೂ ಇದರಿಂದ ಕಾಣುತ್ತೆ.

ಎರರ್ ಒಂದೇ, ಕಾರಣ ಬೇರೆ

ನಮ್ಮ ಕೆಲಸದಲ್ಲಿ ಇದು ದಿನಾ ನೋಡುವ ವಿಷಯ. ಸ್ಕ್ರೀನ್ ಮೇಲೆ ಕಾಣುವ ಎರರ್ ಒಂದೇ ಇರುತ್ತೆ, ಬುಡ ನಾಲ್ಕು ಕಡೆ ಇರಬಹುದು. ಎಫ್‌ಟಿಡಿಯ ವರ್ಗೀಕರಣವೂ ಹಾಗೇ ಎರಡು ಅಂತಸ್ತಿನದು. ಮೇಲಿನದು ಹೊರಗೆ ಕಾಣುವ ಲಕ್ಷಣ: ನಡತೆ, ಮಾತು. ಕೆಲವರಲ್ಲಿ ಇವುಗಳ ಜೊತೆ ಕೈಕಾಲಿನ ಸ್ನಾಯು ಸೊರಗುವ ಮೋಟಾರ್ ನ್ಯೂರಾನ್ ಕಾಯಿಲೆ, ಇಲ್ಲವೇ ಪಾರ್ಕಿನ್ಸನ್ ಥರದ ಬಿಗಿತ, ಬೀಳುವಿಕೆ. ಕೆಳಗಿನದು ಜೀವಕೋಶದೊಳಗೆ ಗಂಟುಕಟ್ಟುವ ಪ್ರೋಟೀನ್.

ಈ ಕೆಳಗಿನ ಅಂತಸ್ತು ತಿಳಿಯೋಕೆ ನೂರು ವರ್ಷ ದಾಟಿತು. ಪ್ರಾಗ್ ನಗರದ ವೈದ್ಯ ಅರ್ನಾಲ್ಡ್ ಪಿಕ್ ಮೊದಲ ರೋಗಿಯ ವಿವರ ಬರೆದದ್ದು 1892ರಲ್ಲಿ. ಹಳೆಯ ಪುಸ್ತಕಗಳಲ್ಲಿ “ಪಿಕ್ ಕಾಯಿಲೆ” ಅಂತ ಇರುವುದು ಅವರ ಹೆಸರಿನಿಂದ. ಟೌ ಎಂಬ ಪ್ರೋಟೀನ್ ಕಾರಣವಾದದ್ದು ಒಂದು ಗುಂಪು. ಟಿಡಿಪಿ-43 ಎಂಬ ಪ್ರೋಟೀನ್ 2006ರಲ್ಲಿ ಪತ್ತೆಯಾದಾಗ ಇನ್ನೊಂದು ದೊಡ್ಡ ಗುಂಪಿಗೆ ಕಾರಣ ಸಿಕ್ಕಿತು. 2009ರಲ್ಲಿ ಎಫ್‌ಯುಎಸ್ ಎಂಬ ಮೂರನೆಯದು. ತೊಂದರೆ ಏನೆಂದರೆ, ನಡತೆ ಕೆಟ್ಟ ರೋಗಿಯನ್ನು ಎದುರಿಗೆ ಕೂರಿಸಿಕೊಂಡು ನೋಡಿದರೆ ಒಳಗಿರುವುದು ಟೌ ಅಥವಾ ಟಿಡಿಪಿ ಅಂತ ಸಾಮಾನ್ಯವಾಗಿ ಹೇಳೋಕೆ ಆಗುವುದಿಲ್ಲ. ಪ್ರೋಟೀನಿಗೆ ಗುರಿಯಿಟ್ಟು ಔಷಧಿ ಮಾಡುವುದು ಇಷ್ಟು ಕಷ್ಟವಾಗಿರೋದಕ್ಕೆ ಅದೂ ಒಂದು ಕಾರಣ.

ಮಾವನ ಮಗ, ನನಗಿಂತ ಎರಡು ವರ್ಷ ಚಿಕ್ಕವನು, ಇದನ್ನೆಲ್ಲ ಕೇಳಿಸಿಕೊಂಡು ಕಾರಿಡಾರಿನಲ್ಲಿ ನನ್ನನ್ನು ಕೇಳಿದ್ದು ಒಂದೇ: “ನಂಗೂ ಬತ್ತದಾ ಬಾವ?” ಡಾಕ್ಟರು ಅವನಿಗೆ ಬಿಡಿಸಿ ಹೇಳಿದರು. ಬಹಳಷ್ಟು ಎಫ್‌ಟಿಡಿ ವಂಶದಿಂದ ನೇರವಾಗಿ ಇಳಿದು ಬರುವುದಿಲ್ಲ. ಕೆಲವು ಕುಟುಂಬಗಳಲ್ಲಿ ಮಾತ್ರ ಎಂಎಪಿಟಿ, ಜಿಆರ್‌ಎನ್, ಸಿ9ಆರ್ಫ್72 ಎಂಬ ಮೂರು ವಂಶವಾಹಿಗಳಲ್ಲಿ ಒಂದರ ದೋಷ ಕಾರಣ. ಅಂಥ ಕಡೆ ಪ್ರತಿ ಮಗುವಿಗೂ ಆ ದೋಷ ಬರುವ ಸಾಧ್ಯತೆ ಅರ್ಧಕ್ಕರ್ಧ. ಅದಕ್ಕೇ ಮೊದಲು ಮೂರು ತಲೆಮಾರಿನ ವಂಶಾವಳಿ ಬರೆಸುತ್ತಾರೆ: ಯಾರಿಗೆ ಚಿಕ್ಕ ವಯಸ್ಸಿಗೆ ಬುದ್ಧಿ ಕೆಟ್ಟಿತ್ತು, ಯಾರಿಗೆ ಕೈಕಾಲು ಸೊರಗಿತ್ತು, ಯಾರು “ಹುಚ್ಚು ಹಿಡಿದು” ತೀರಿಕೊಂಡರು. ಆರೋಗ್ಯವಾಗಿರುವವರು ಪರೀಕ್ಷೆ ಮಾಡಿಸಬೇಕೋ ಬೇಡವೋ ಅನ್ನುವುದು ಆಪ್ತಸಲಹೆ ಪಡೆದು ಅವರೇ ತೀರ್ಮಾನಿಸುವ ವಿಷಯ. ಮಾವನ ಕಡೆ ಅಂಥ ಜಾಡು ಸಿಗಲಿಲ್ಲ. ಅವನು ಸದ್ಯಕ್ಕೆ ಬೇಡ ಅಂದ.

ಹೆಸರು ಸಿಕ್ಕಿ ಏನು ಬಂತು?

ವಾಸಿಮಾಡುವ ಔಷಧಿ ಇಲ್ಲದ ಕಾಯಿಲೆಗೆ ಹೆಸರು ಕಂಡುಹಿಡಿದು ಏನು ಪ್ರಯೋಜನ ಅಂತ ನೀವು ಕೇಳಬಹುದು. ನಮ್ಮ ಮನೆಯಲ್ಲಿ ಆಗಿದ್ದನ್ನು ಹೇಳುತ್ತೇನೆ.

ಆಲ್ಝೈಮರ್‌ಗೆ ಕೊಡುವ ಡೊನೆಪೆಜಿಲ್‌ನಂಥ ಮಾತ್ರೆ ಇದಕ್ಕೆ ಉಪಯೋಗ ಆಗುವುದಿಲ್ಲ, ಕೆಲವರಲ್ಲಿ ಹಟ-ಗದ್ದಲ ಹೆಚ್ಚಿಸಬಹುದು. ಬಗೆ ಗೊತ್ತಾದದ್ದರಿಂದ ಆ ದಾರಿ ತಪ್ಪಿತು. ತಿನ್ನುವ ಚಪಲ, ಮಾಡಿದ್ದನ್ನೇ ಮಾಡುವ ಗೀಳು ಸ್ವಲ್ಪ ತಗ್ಗಿಸೋಕೆ ಬೇರೆ ಮಾತ್ರೆ ಕೊಟ್ಟರು.

ಜಮೀನಿನ ವ್ಯವಹಾರ ನಿಂತಿತು. ಒಪ್ಪಂದ ಮಾಡುವವರಿಗೆ ಅದರ ಅರ್ಥ ತಿಳಿದು, ತನ್ನ ಹಿತಕ್ಕೆ ಏನಾಗುತ್ತೆ ಅಂತ ವಿವೇಚಿಸುವ ಶಕ್ತಿ ಇರಬೇಕು ಅನ್ನುವುದು 1872ರ ಕರಾರು ಕಾಯ್ದೆಯಲ್ಲೇ ಇದೆ. ಡಾಕ್ಟರ ಚೀಟಿ ಹಿಡಿದು ವಕೀಲರ ಹತ್ತಿರ ಹೋದೆವು. ಬಾಯಿಮಾತಿನ ವ್ಯವಹಾರ ಕಾಗದಕ್ಕೆ ಇಳಿಯಲೇ ಇಲ್ಲ. ಯುಪಿಐ ಇರುವ ಖಾತೆಯಲ್ಲಿ ಈಗ ಸಣ್ಣ ಮೊತ್ತ ಮಾತ್ರ. ಬೇಕರಿಯವರಿಗೆ ತಿಂಗಳ ಲೆಕ್ಕ ಇದೆ. ಮಾವ ತಿನ್ನುತ್ತಾರೆ, ಅವರು ಬರೆದುಕೊಳ್ಳುತ್ತಾರೆ, ಮಗ ಕೊಡುತ್ತಾನೆ. ಸಂಜೆಯ ಮೂರು ಸುತ್ತಿಗೆ ಯಾರೂ ಅಡ್ಡ ಬರುವುದಿಲ್ಲ, ಜೇಬಿನಲ್ಲಿ ವಿಳಾಸದ ಚೀಟಿ ಇದೆ.

ಅಮ್ಮ ಒಂದು ವಾರ ಗುಂಡ್ಲುಪೇಟೆಯಲ್ಲಿ ಹೋಗಿ ಇದ್ದಳು. ಮೂರನೇ ದಿನ ಫೋನ್ ಮಾಡಿ, “ನಿಮ್ಮತ್ತೆ ಇಷ್ಟ್ ದಿವ್ಸ ಎಂಗ್ ತಡ್ಕಂಡ್ಳೋ” ಅಂದಳು. ಈಗ ತಿಂಗಳಿಗೊಮ್ಮೆ ಅಮ್ಮ ಅಲ್ಲಿರುತ್ತಾಳೆ, ಅತ್ತೆ ನಾಲ್ಕು ದಿನ ತವರಿಗೆ ಹೋಗಿ ನಿದ್ದೆ ಮಾಡಿ ಬರುತ್ತಾರೆ. ಅತ್ತೆ ಹೇಳುವುದು, “ಈಗ್ಲೂ ಬೇಜಾರಾಯ್ತದೆ ಕನಪ್ಪ, ಆದ್ರೆ ಕ್ವಾಪ ಬರಕಿಲ್ಲ. ಅವ್ರು ಬೇಕಂತ ಮಾಡ್ತಿಲ್ವಲ್ಲ.”

ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ ಅಂತ 2023ರಲ್ಲಿ ಪ್ರಕಟವಾದ ಒಂದು ರಾಷ್ಟ್ರೀಯ ಅಧ್ಯಯನ ಅಂದಾಜಿಸಿತ್ತು. ಐವತ್ತೈದಕ್ಕೇ ಶುರುವಾದ ಮಾವನಂಥವರು ಆ ಲೆಕ್ಕದ ಹೊರಗೇ ಉಳಿಯುತ್ತಾರೆ.

ಹಾಗಂತ ಈ ಅಂಕಣ ಓದಿ, ಮನೆಯಲ್ಲಿ ಕೋಪ ಮಾಡಿಕೊಳ್ಳುವ ಎಲ್ಲರಿಗೂ ಹಣೆಪಟ್ಟಿ ಹಚ್ಚಬೇಡಿ. ಮೊದಲಿನಿಂದಲೂ ಸಿಡುಕ ಆಗಿದ್ದವರು ಈಗಲೂ ಸಿಡುಕಿದರೆ ಅದು ಸ್ವಭಾವ. ಐವತ್ತು ವರ್ಷ ಒಂದು ಥರ ಇದ್ದವರು ಎರಡು ವರ್ಷದಲ್ಲಿ ಇನ್ನೊಂದು ಥರ ಆದರೆ, ಆಗ ಡಾಕ್ಟರ ಹತ್ತಿರ ಹೋಗಬೇಕು.

ಹೋಗುವ ಮುಂಚೆ ಒಂದು ಕೆಲಸ ಮಾಡಿ. ಫೋನಿನ ನೋಟ್ಸ್‌ನಲ್ಲಿ ಮೂರು ವಿಷಯ ಬರೆದಿಡಿ: ಏನು ಬದಲಾಗಿದೆ, ಯಾವಾಗಿಂದ, ಮುಂಚೆ ಹೇಗಿದ್ದರು. ಒಂದೊಂದಕ್ಕೂ ನಡೆದದ್ದೇ ಒಂದು ಉದಾಹರಣೆ ಇರಲಿ. ಜೊತೆಗೇ ಬಾಳುತ್ತಿರುವವರನ್ನು ಕರೆದುಕೊಂಡು ಹೋಗಿ, ಅವರಿಗೆ ರೋಗಿಯ ಎದುರಿಗಲ್ಲದೆ ಮಾತಾಡಲು ಅವಕಾಶ ಕೇಳಿ.

ಎಲ್ಲಿ ಶುರು ಮಾಡೋದು ಗೊತ್ತಿಲ್ಲದಿದ್ದರೆ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ 2022ರಲ್ಲಿ ಶುರು ಮಾಡಿದ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್‌ನಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಮಿದುಳು ಆರೋಗ್ಯ ಕ್ಲಿನಿಕ್ ನಡೆಸುವ ಯೋಜನೆ ಇದೆ, ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

ಮತ್ತೆ, ಊರಿನಿಂದ ಯಾರಾದರೂ ಫೋನ್ ಮಾಡಿ “ಇವ್ರು ಮೊದ್ಲಿನಂಗಿಲ್ಲ” ಅಂದರೆ, ಮೀಟಿಂಗ್ ಇದೆ ಅಂತ ಇಟ್ಟುಬಿಡಬೇಡಿ. ಪೂರ್ತಿ ಕೇಳಿಸಿಕೊಳ್ಳಿ.